ಆಗಲಪ್ಪ ಬೀರುವಿಗೆ ಬಣ್ಣ ಬಳಿದದ್ದು

ಆ ಬೀದಿಯಲ್ಲಿ ಅವನ ನಿಜವಾದ ಹೆಸರು ಗೊತ್ತಿದ್ದದ್ದು ಅಂಚೆಯವನೊಬ್ಬನಿಗೆ. ಹೆಂಡತಿಗೂ ಗೊತ್ತಿತ್ತೆನ್ನಿ, ಆದರೆ ಅವಳು ‘ಏನ್ರೀ’ ಎಂಬುದರಲ್ಲೇ ಸಂಸಾರ ಸಾಗಿಸುತ್ತಿದ್ದಳು. ಉಳಿದವರೆಲ್ಲರ ಬಾಯಲ್ಲಿ ಅವನು ಆಗಲಪ್ಪ. ಯಾರು ಏನೇ ಕೇಳಲಿ, “ಆಗಲಪ್ಪಾ” ಎಂದುಬಿಡುವುದು ಅವನ ಹುಟ್ಟುಗುಣ. ಸಾಲು ಮುರಿದು ಬಂದವನು “ಸ್ವಲ್ಪ ಜಾಗ ಬಿಡ್ತೀರಾ?” ಎಂದರೆ ಆಗಲಪ್ಪಾ. ಹಿಂದೆ ನಿಂತವನು “ಅವನಿಗೆ ಜಾಗ ಬಿಡಬೇಡ್ರೀ” ಎಂದರೆ ಅದಕ್ಕೂ ಆಗಲಪ್ಪಾ. ಬಸ್ ಡಿಪೋದಲ್ಲಿ ಅವನು ರಜೆಯ ಗುಮಾಸ್ತ. ಕೇಳಿದ ಡ್ರೈವರಿಗೆಲ್ಲ ರಜೆ ಕೊಟ್ಟು, ಒಂದು ಸೋಮವಾರ ಡಿಪೋದ ಬಸ್ಸುಗಳೆಲ್ಲ ಸಾಲಾಗಿ ನಿಂತು ಬಿಸಿಲು ಕಾಯಿಸಿಕೊಂಡದ್ದೂ ಉಂಟು. ಅಂದು ಮ್ಯಾನೇಜರು ತಾವೇ ಒಂದು ಬಸ್ಸು ಹತ್ತಿ, ಗೇರು ಎಲ್ಲಿದೆ ಎಂದು ತಡಕಾಡುತ್ತಿದ್ದರಂತೆ.

ಇಂಥವನ ಮನೆಗೆ ಒಂದು ಬೀರು ಬಂತು. ಬಣ್ಣದ ಹನಿಯೂ ಸೋಕದ, ಉಳಿ ಉಜ್ಜುಗೊರಡಿನ ಗುರುತು ಇನ್ನೂ ಮೈಮೇಲಿದ್ದ, ಬರೀ ಮರದ ಬೀರು.

ಬೀರು ಬಂದದ್ದು ಹೆಂಡತಿಯ ಸಲುವಾಗಿ. ಅವಳು ಮನೆಯಲ್ಲೇ ಹೊಲಿಗೆ ಮಾಡುತ್ತಿದ್ದಳು. ಆ ವರ್ಷ ಒಂದು ಶಾಲೆಯ ಸಮವಸ್ತ್ರದ ಕೆಲಸ ಅವಳಿಗೆ ಸಿಕ್ಕಿತ್ತು. ನೀಲಿ ಬಟ್ಟೆಯ ಗಂಟುಗಳು ಕುರ್ಚಿ, ಮಂಚ, ಅಡುಗೆಮನೆಯ ಕಟ್ಟೆ ಎಲ್ಲವನ್ನೂ ಆಕ್ರಮಿಸಿ, ಕೊನೆಗೆ ಆಗಲಪ್ಪ ಊಟದ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಬಾಗಿಲ ಹೊಸ್ತಿಲಲ್ಲಿ ಉಣ್ಣುವ ಹಾಗಾಯಿತು. ಮನೆಯಲ್ಲಿದ್ದದ್ದು ಒಂದೇ ಉದ್ದನೆಯ ಹಾಲ್. ಮರಗೆಲಸದ ಮೇಸ್ತ್ರಿ ಅಳತೆ ಹಿಡಿದು, ಆ ಹಾಲಿನ ನಡುವೆ ಅಡ್ಡಗೋಡೆಯ ಹಾಗೆ ನಿಲ್ಲುವ ಎತ್ತರದ ಬೀರು ಮಾಡಿಕೊಟ್ಟ. ಅದರ ಒಂದು ತುದಿ ಗೋಡೆಗೆ ಒತ್ತಿಕೊಂಡಿತು. ಇನ್ನೊಂದು ತುದಿ ಕಿಟಕಿಯ ಕಡೆ ಮುಖ ಮಾಡಿತು. ಅಲ್ಲಿ ಒಬ್ಬರು ನುಸುಳುವಷ್ಟು ದಾರಿ. ಬೀರುವಿನ ಬಾಗಿಲುಗಳು ಬೀದಿಯ ಕಡೆಗೆ, ಬೆನ್ನು ಹಿತ್ತಿಲ ಕಡೆಗೆ. ಆ ಬೆನ್ನಿನ ಹಿಂದೆ ಹೆಂಡತಿಯ ಹೊಲಿಗೆ ಯಂತ್ರ.

“ಮರ ಚೊಕ್ಕವಾಗಿದೆ ಸಾರ್,” ಎಂದ ಮೇಸ್ತ್ರಿ. “ಬಣ್ಣ ಯಾವುದು ಅಂತ ಹೇಳಿಬಿಟ್ರೆ ನಾನೇ ಹಚ್ಚಿಕೊಟ್ಟು ಹೋಗ್ತೀನಿ.”

ಆಗ ಆಗಲಪ್ಪನಿಗೆ ಏನು ಬಂತೋ. ಎರಡು ಹೆಜ್ಜೆ ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ, ಬೀರುವನ್ನು ಅಳೆಯುವವನ ಹಾಗೆ ನೋಡಿದ.

“ಬಣ್ಣದ ವಿಷಯ ನನಗೆ ಬಿಡಿ ಮೇಸ್ತ್ರಿ. ನಮ್ಮ ಡಿಪೋ ಬಸ್ಸುಗಳಿಗೆ ಬಣ್ಣ ಆರಿಸಿದರಲ್ಲ, ಆ ಸಮಿತಿಯಲ್ಲಿ ನಾನಿದ್ದೆ.”

ಇದ್ದದ್ದು ನಿಜ. ಸಮಿತಿಯವರಿಗೆ ಕಾಫಿ ಸಾಕೇ ಬೇಕೇ ಎಂದು ಕೇಳಲು ಬಾಗಿಲ ಬಳಿ ಇದ್ದ.

“ಏನ್ರೀ, ಆ ಬೀರು ವಿಷಯ ಒಂದು ಮಾತು...” ಎಂದು ಯಂತ್ರದ ಹಿಂದಿನಿಂದ ಹೆಂಡತಿ ಶುರುಮಾಡಿದಳು.

“ನೀನು ಸುಮ್ಮನೆ ಯೂನಿಫಾರ್ಮ್ ನೋಡ್ಕೋ. ಇದಕ್ಕೆ ಮರದ ಎಳೆ ನೋಡಿ ಸ್ಟೇನ್ ಹಚ್ಚಬೇಕು, ಮರದೊಳಗೇ ಇಳಿಯೋ ಬಣ್ಣ. ಅದೊಂದು ಶಾಸ್ತ್ರ.”

“ಸ್ಟೇನಾ? ಅಂದ್ರೆ ಕಲೆ. ಬಟ್ಟೆ ಮೇಲೆ ಆದ್ರೆ ತೆಗೆಯೋಕೆ ಒದ್ದಾಡ್ತೀನಿ. ನೀವು ದುಡ್ಡು ಕೊಟ್ಟು ಹಚ್ಚಿಸ್ತೀರಾ?” ಎಂದು ಅವಳು ಮತ್ತೆ ಯಂತ್ರ ತುಳಿದಳು. ಹೇಳಬೇಕೆಂದಿದ್ದ ಮಾತು ಯಂತ್ರದ ಸದ್ದಿನಲ್ಲಿ ಮುಳುಗಿಹೋಯಿತು.

ಮೊದಲು ಬಂದವರು ಮನೆಯ ಮಾಲೀಕರು. ಮಹಡಿಯ ಮೇಲೆ ವಾಸ, ನಿವೃತ್ತ ಹೆಡ್‌ಮಾಸ್ತರು. ನಿವೃತ್ತಿಯ ನಂತರ ಶಾಲೆ ಬಿಟ್ಟಿದ್ದರೂ ಪಾಠ ಬಿಟ್ಟಿರಲಿಲ್ಲ. ಬೀದಿ ಬಾಗಿಲಲ್ಲಿ ನಿಂತು ಬೀರುವನ್ನು ಮೇಲಿಂದ ಕೆಳಗೆ ನೋಡಿದರು. ಒಳಗೆ ಹೆಂಗಸರು ಅಳತೆ ಕೊಡಲು ಬರುತ್ತಿದ್ದುದರಿಂದ ಅವರು ಹಾಲಿನ ಮುಂಭಾಗ ದಾಟುವವರಲ್ಲ.

“ನೋಡ್ರೀ, ನನ್ನ ಮನೆ ಮಧ್ಯದಲ್ಲಿ ಗೋಡೆ ತರಹ ನಿಲ್ಲಿಸಿದ್ದೀರಿ. ನಾನೇನೂ ಅಡ್ಡಿ ಮಾಡಲಿಲ್ಲ. ಆದರೆ ಬಂದವರಿಗೆ ಗೌರವ ಹುಟ್ಟಬೇಕು. ಬೀಟೆ ಬಣ್ಣ ಹಚ್ಚಿ. ಕಪ್ಪಗೆ, ಗಂಭೀರವಾಗಿ. ಕೋರ್ಟಿನಲ್ಲಿ ಜಡ್ಜ್ ಮುಂದೆ ಇರುತ್ತಲ್ಲ, ಹಾಗೆ. ಬೇರೆ ಏನಾದರೂ ಹಚ್ಚೋದಾದರೆ ಬೀರುವಿಗೂ ನಿಮಗೂ ಬೇರೆ ಮನೆ ನೋಡಿಕೊಳ್ಳಿ.”

“ಆಗಲಿ ಸಾರ್.”

ಸಂಜೆ ಹಿತ್ತಿಲ ಬಾಗಿಲಿನಿಂದ ಮಾವ ಬಂದರು. ಹೆಂಡತಿಯ ತಂದೆ. ಅವರ ಮನೆ ಹಿಂದಿನ ಬೀದಿಯಲ್ಲಿ. ಮುಂಬಾಗಿಲ ಮೆಟ್ಟಿಲುಗಳಿಗೂ ಅವರ ಮಂಡಿಗಳಿಗೂ ಮಾತು ಬಿಟ್ಟು ವರ್ಷಗಳಾಗಿದ್ದವು. ಹಿತ್ತಿಲಿನಿಂದ ಬಂದು, ಮಗಳ ಯಂತ್ರದ ಪಕ್ಕದ ಕುರ್ಚಿಯಲ್ಲಿ ಕೂತು, ಹಾಗೇ ಹೋಗುವುದು ಅವರ ರೂಢಿ. ಬೀರುವಿನ ಹಲಗೆಗಳೆಲ್ಲ ಅವರು ಅಟ್ಟದಲ್ಲಿ ಜೋಪಾನ ಮಾಡಿಟ್ಟು ಕೊಟ್ಟವು.

“ಅಳಿಯಂದ್ರೇ, ಈ ಮರ ನಾನು ಮಗು ಥರ ಕಾಪಾಡಿದ್ದು. ಅದರ ಮೇಲೆ ಮಸಿ ಬಳಿದುಬಿಡಬೇಡಿ. ಜೇನು ಬಣ್ಣ ಹಚ್ಚಿ. ದೀಪದ ಬೆಳಕು ಬಿದ್ದರೆ ಎಳೆ ಎಳೆಯಾಗಿ ಮಿನುಗಬೇಕು. ನನ್ನ ಹಲಗೆ ನನ್ನ ಕಣ್ಣಿಗೆ ಕಾಣಲಿಲ್ಲ ಅಂದ್ರೆ ನಾನು ಈ ಮನೆಗೆ ಬಂದು ಏನು ಪ್ರಯೋಜನ?”

“ಆಗಲಿ ಮಾವ.”

ಮಾವ ಹಿತ್ತಿಲು ದಾಟುವ ಮೊದಲೇ ಕಿಟಕಿ ಕೂಗಿತು. ಕಿಟಕಿಯ ಆಚೆ ಒಂದು ಓಣಿ, ಓಣಿಯ ಆಚೆ ಅಕ್ಕನ ಮನೆ. ಆಗಲಪ್ಪನನ್ನು ಎತ್ತಿ ಆಡಿಸಿದ ಒಡಹುಟ್ಟಿದ ಅಕ್ಕ. ಹಿಂದೆ ಎಂದೋ ತಮ್ಮನ ಹೆಂಡತಿ ತನಗೆ ಹೊಲಿದ ಅಂಗಿ ಕಂಕುಳಲ್ಲಿ ಬಿಗಿಯಾಯಿತೆಂದು, ಇನ್ನು ಆ ಮನೆಯ ಹೊಸ್ತಿಲು ತುಳಿಯುವುದಿಲ್ಲವೆಂದು ಶಪಥ ಮಾಡಿದ್ದಳು. ಅಂದಿನಿಂದ ಕಿಟಕಿಯಿಂದ ಕಿಟಕಿಗೇ ಮಾತು. ಶಪಥದಿಂದ ಮಾತೇನೂ ಕಡಿಮೆಯಾಗಿರಲಿಲ್ಲ. ಓಣಿಯಲ್ಲಿ ಹೋಗುವವರಿಗೂ ಕೇಳುವ ಹಾಗಾಗಿತ್ತು ಅಷ್ಟೆ.

“ಏ ತಮ್ಮಾ! ಬೂದು ಬಣ್ಣ ಹಚ್ಚೋ! ಈಗ ಎಲ್ಲಾ ದೊಡ್ಡ ಮನೆಗಳಲ್ಲಿ ಬೂದೇ. ದಿನಾ ಬೆಳಿಗ್ಗೆ ಎದ್ದು ಕಿಟಕಿ ತೆಗೆದರೆ ನಿನ್ನ ಬೀರುವಿನ ಮೂತಿ ನೋಡಬೇಕಾದವಳು ನಾನು. ನೀನೇನಾದ್ರೂ ಆ ಹಳೇ ಕಾಲದ ಕಂದು ಹಚ್ಚಿದ್ಯೋ, ಈ ಕಿಟಕೀನೂ ಮುಚ್ಚಿಬಿಡ್ತೀನಿ!”

ಕಿಟಕಿ ಮುಚ್ಚುವುದೆಂದರೆ ಹೆಂಡತಿಗೆ ಹಬ್ಬವಾಗುತ್ತಿತ್ತು. ಆದರೆ ಆಗಲಪ್ಪನ ಬಾಯಿ ಅದಾಗಲೇ ತೆರೆದಿತ್ತು.

“ಆಗಲಿ ಅಕ್ಕಾ.”

ಮಾರನೆಯ ದಿನ ಅವನು ಬಣ್ಣದ ಅಂಗಡಿಗೆ ಹೋದ. ಅಂಗಡಿಯವನು ಮರದ ಪಟ್ಟಿಗಳ ಮೇಲೆ ಹಚ್ಚಿದ ಮಾದರಿಗಳನ್ನು ಗಾಜಿನ ಮೇಲೆ ಹರಡಿದ.

“ಇದರಲ್ಲಿ ಯಾವುದು ಒಳ್ಳೇದು?” ಎಂದ ಆಗಲಪ್ಪ.

“ಎಲ್ಲಾ ಒಳ್ಳೇದೇ ಸಾರ್. ನಿಮಗೆ ಯಾವುದು ಬೇಕು?”

ಈ ಪ್ರಶ್ನೆಯನ್ನು ಅವನ ಜೀವಮಾನದಲ್ಲಿ ಯಾರೂ ಅವನಿಗೆ ಕೇಳಿರಲಿಲ್ಲ. ಬೀಟೆ ಎಂದರೆ ಮಾವ ಮುನಿಯುತ್ತಾರೆ, ಜೇನು ಎಂದರೆ ಮಾಲೀಕರು ಮನೆ ಬಿಡಿಸುತ್ತಾರೆ, ಎರಡರಲ್ಲಿ ಯಾವುದೆಂದರೂ ಅಕ್ಕ ಓಣಿಯನ್ನೇ ಎಬ್ಬಿಸುತ್ತಾಳೆ. ಹಿಂದೆ ನಿಂತಿದ್ದ ಗಿರಾಕಿ ಕೆಮ್ಮಿದ. ಆ ಕೆಮ್ಮಿನೊಂದಿಗೇ ಆಗಲಪ್ಪನ ತಲೆಯಲ್ಲಿ ದೀಪ ಹೊತ್ತಿತು. ಮಾಲೀಕರು ಬರುವುದು ಬೀದಿಯ ಬಾಗಿಲಿನಿಂದ; ಅವರಿಗೆ ಕಾಣುವುದು ಬೀರುವಿನ ಮುಂಭಾಗ. ಮಾವ ಬರುವುದು ಹಿತ್ತಿಲಿನಿಂದ. ಅವರಿಗೆ ಕಾಣುವುದು ಬೆನ್ನು. ಅಕ್ಕನಿಗೆ ಕಾಣುವುದು ಕಿಟಕಿಯ ಕಡೆಯ ತುದಿ. ಯಾರೂ ಯಾರ ಕಡೆಗೂ ಹಾಯುವುದಿಲ್ಲ.

“ಮೂರೂ ಒಂದೊಂದು ಡಬ್ಬಿ ಕೊಡಿ,” ಎಂದ.

“ಮೂರು ಬೀರು ಮಾಡಿಸಿದ್ದೀರಾ ಸಾರ್?”

“ಮೂರು ಸಂಬಂಧ ಉಳಿಸ್ಕೋಬೇಕಪ್ಪ,” ಎಂದ ಆಗಲಪ್ಪ. ಅಂಗಡಿಯವನು ಏನು ಅರ್ಥ ಮಾಡಿಕೊಂಡನೋ, ಡಬ್ಬಿಗಳ ಜೊತೆ ಉಪ್ಪು ಕಾಗದ ಪುಕ್ಕಟೆ ಕೊಟ್ಟ.

ರಜೆಯ ಗುಮಾಸ್ತ ತನಗೆ ತಾನೇ ರಜೆ ಕೊಟ್ಟುಕೊಂಡು ಕೆಲಸಕ್ಕೆ ಕೂತ. ಉಪ್ಪು ಕಾಗದದಿಂದ ಮೈ ಉಜ್ಜಿದ, ಧೂಳು ಒರೆಸಿದ, ಹಳೆಯ ಬನಿಯನ್ನಿನ ತುಂಡಿನಿಂದ ಬಣ್ಣ ತೀಡಿದ. ಮುಂಭಾಗ ಬೀಟೆಯಾಯಿತು, ಬೆನ್ನು ಜೇನಾಯಿತು, ಕಿಟಕಿಯ ತುದಿ ಬೂದಾಯಿತು. ಗೋಡೆಗೆ ಒತ್ತಿದ್ದ ತುದಿಯನ್ನು ಯಾರೂ ಕೇಳಿರಲಿಲ್ಲವಾಗಿ ಅದು ಹುಟ್ಟಿದ ಹಾಗೆಯೇ ಉಳಿಯಿತು. ಅವನ ಬೆರಳುಗಳ ಬಣ್ಣ ಮಾತ್ರ ಯಾವ ಡಬ್ಬಿಯ ಮೇಲೂ ಬರೆದಿರದಂಥದು.

ಹೆಂಡತಿ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ ಬಂದು, ಬೀರುವಿನ ಸುತ್ತ ಒಮ್ಮೆ ನಡೆದು, ಸೂಜಿಗಳನ್ನು ತೆಗೆದು ಹೇಳಿದಳು: “ಏನ್ರೀ, ಈ ಬಣ್ಣಗಳೆಲ್ಲ ಹಾಳಾಗಿಹೋಗ್ಲಿ. ನಾನು ಆವತ್ತಿಂದ ಹೇಳ್ಬೇಕು ಅಂತಿದ್ದೆ, ಈ ಬೀರು...”

ಅಷ್ಟರಲ್ಲಿ ಬೀದಿ ಬಾಗಿಲಲ್ಲಿ ಮಾಲೀಕರ ಕೋಲು ಟಕ್ ಎಂದಿತು.

“ಭೇಷ್!” ಎಂದರು ಮಾಲೀಕರು, ಮುಂಭಾಗವನ್ನು ನೋಡಿ. “ಇದು ನೋಡ್ರೀ ಬಣ್ಣ ಅಂದ್ರೆ!”

ಸಂಜೆ ಮಾವ ಹಿತ್ತಿಲಿನಿಂದ ಬಂದು, ಬೆನ್ನನ್ನು ಸವರಿ, ಕಣ್ಣು ಒದ್ದೆ ಮಾಡಿಕೊಂಡರು. “ನನ್ನ ಮಾತು ಉಳಿಸಿದ್ರಿ ಅಳಿಯಂದ್ರೇ.” ಕಿಟಕಿಯಿಂದ ಅಕ್ಕ, “ನಮ್ಮ ತಮ್ಮ ಅಂದ್ರೆ ತಮ್ಮ!” ಎಂದು ಇಡೀ ಓಣಿಗೆ ಸಾರಿದಳು. ಆ ರಾತ್ರಿ ಆಗಲಪ್ಪ ಮಾಡಿದ ನಿದ್ದೆಯನ್ನು ರಾಜ್ಯಗಳ ನಡುವೆ ಸಂಧಾನ ಮಾಡಿಸಿದ ಮಂತ್ರಿಗಳೂ ಮಾಡಿರಲಾರರು.

ಹೀಗೆ ಎಲ್ಲರೂ ತಂತಮ್ಮ ಕಡೆಯಲ್ಲೇ ಇದ್ದಿದ್ದರೆ ಬೀರು ಇಂದಿಗೂ ಮರ್ಯಾದೆಯಿಂದ ನಿಂತಿರುತ್ತಿತ್ತು. ಆದರೆ ಗಂಡಸರಿಗೆ ಕೂದಲು ಬೆಳೆಯುತ್ತದೆ. ಮಾಲೀಕರೂ ಮಾವನೂ ಒಂದೇ ಬೆಳಿಗ್ಗೆ ಕ್ಷೌರದಂಗಡಿಯಲ್ಲಿ ಅಕ್ಕಪಕ್ಕದ ಕುರ್ಚಿಗಳಲ್ಲಿ ಕೂತರು. ಇಬ್ಬರ ಕುತ್ತಿಗೆಗೂ ಬಿಳಿ ಬಟ್ಟೆ, ಇಬ್ಬರ ಕೆನ್ನೆಗೂ ನೊರೆ.

“ನಿಮ್ಮ ಅಳಿಯ ಒಳ್ಳೆಯ ಮನುಷ್ಯ,” ಎಂದರು ಮಾಲೀಕರು ಕನ್ನಡಿಯೊಳಗಿನ ಮಾವನಿಗೆ. “ನಾನು ಹೇಳಿದ ಹಾಗೇ ಬೀರುವಿಗೆ ಬೀಟೆ ಬಣ್ಣ ಹಚ್ಚಿದ್ದಾನೆ.”

“ಬೀಟೆನಾ? ಯಾರ ಬೀರುವಿಗೆ?”

“ನಿಮ್ಮ ಅಳಿಯನ ಬೀರುವಿಗೆ ಕಣ್ರೀ. ಕಪ್ಪಗೆ ಮಿಂಚುತ್ತೆ.”

ಮಾವ ನೊರೆಯೊಳಗೇ ನಕ್ಕರು. “ಅದು ಜೇನು ಬಣ್ಣ ಸ್ವಾಮಿ. ನಾನು ಹೇಳಿ ಹಚ್ಚಿಸಿದ್ದು. ನಿನ್ನೆ ಸಾಯಂಕಾಲ ಕೈಯಿಂದ ಸವರಿ ಬಂದಿದ್ದೀನಿ.”

“ಸವರಿದರೆ ಬಣ್ಣ ಗೊತ್ತಾಗುತ್ತಾ? ಕಣ್ಣಿಂದ ನೋಡಬೇಕು. ನಾನು ದಿನಾ ನೋಡ್ತೀನಿ. ಕಪ್ಪು.”

“ಜೇನು.”

“ಕಪ್ಪು ಅಂದ್ರೆ ಕಪ್ಪು! ನನಗೆ ಪಾಠ ಹೇಳ್ತೀರಾ?”

“ಪಾಠ ಅಲ್ಲ, ಕನ್ನಡಕ ಹೇಳ್ತೀನಿ! ಹೋಗಿ ಒಂದು ಹಾಕಿಸ್ಕೊಳ್ಳಿ!”

ಇಬ್ಬರೂ ಬಿಳಿ ಬಟ್ಟೆಯೊಳಗಿಂದ ಕೈ ಹೊರತೆಗೆದು ಬೆರಳು ತೋರಿಸತೊಡಗಿದರು. ಕ್ಷೌರಿಕ ಕತ್ತಿಯನ್ನು ಮೇಲೆತ್ತಿ ಹಿಡಿದು, “ಸಾರ್, ದಯವಿಟ್ಟು, ಕತ್ತು ಅಲ್ಲಾಡಿಸಬೇಡಿ. ನಾನು ಮಕ್ಕಳೊಂದಿಗ,” ಎಂದು ಬೇಡಿಕೊಂಡ. ಅರ್ಧ ಕೆನ್ನೆ ಬೋಳಿಸಿದ ಸ್ಥಿತಿಯಲ್ಲಿ ಒಂದು ಒಪ್ಪಂದವಾಯಿತು. ಇಬ್ಬರೂ ಇನ್ನೊಮ್ಮೆ ನೋಡಿಬರುವುದು. ಯಾರ ಕಣ್ಣು ತಪ್ಪೋ ಅವರು ಇನ್ನೊಬ್ಬರ ಮುಂದೆ ತಪ್ಪೊಪ್ಪಿಕೊಳ್ಳುವುದು.

ಇಲ್ಲಿ ಕ್ಷೌರ ನಡೆಯುತ್ತಿದ್ದಾಗ ಅಲ್ಲಿ ಹೆಂಡತಿಯ ತಾಳ್ಮೆ ಮುಗಿದಿತ್ತು. ಬೀರು ಅವಳ ಬಟ್ಟೆ ಇಡಲಿಕ್ಕೆ ಮಾಡಿಸಿದ್ದು. ಆದರೆ ಬಾಗಿಲುಗಳೆಲ್ಲ ಆಚೆ ಕಡೆ! ಒಂದು ತುಂಡು ಬಟ್ಟೆ ಬೇಕೆಂದರೆ ಯಂತ್ರ ಬಿಟ್ಟೆದ್ದು, ಕಿಟಕಿಯ ಸಂದಿಯಲ್ಲಿ ನುಸುಳಿ, ಹಾಲಿನ ಮುಂಭಾಗಕ್ಕೆ ಹೋಗಿ, ಬಾಗಿಲು ತೆರೆದು, ಮತ್ತೆ ನುಸುಳಿ ಬರಬೇಕು. ದಾರ ಮರೆತರೆ ಮತ್ತೊಂದು ಪ್ರದಕ್ಷಿಣೆ. ಪ್ರತಿ ಸಲ ನುಸುಳುವಾಗಲೂ ಕಿಟಕಿಯಿಂದ ಅತ್ತಿಗೆಯ ಒಂದು ಮಾತು. ಶಾಲೆ ತೆರೆಯುವ ದಿನ ಹತ್ತಿರವಾಗುತ್ತಿತ್ತು. ಅಂಗಿಗಳು ಹೊಲಿಗೆಯಾಗಿದ್ದರೂ ಗುಂಡಿ ಕಾಣದೆ ರಾಶಿ ಬಿದ್ದಿದ್ದವು. ಗಂಡ ಡಿಪೋಗೆ ಹೋದದ್ದೇ ತಡ, ಮೇಸ್ತ್ರಿಯನ್ನೂ ಅವನ ಜೊತೆಗಾರರನ್ನೂ ಕರೆಸಿ, ಬೀರುವನ್ನು ಪೂರ್ತಿ ಹಿಂದುಮುಂದಾಗಿ ತಿರುಗಿಸಿ ನಿಲ್ಲಿಸಿದಳು. ಬಾಗಿಲುಗಳು ಅವಳ ಕಡೆಗೆ ಬಂದವು. ನಿಟ್ಟುಸಿರು ಬಿಟ್ಟು ಯಂತ್ರಕ್ಕೆ ಕೂತಳು.

ಬೀರುವಿನ ಜೊತೆ ಬಣ್ಣಗಳೂ ತಿರುಗಿದವೆಂದು ಬೇರೆ ಹೇಳಬೇಕಿಲ್ಲ.

ಮಧ್ಯಾಹ್ನ ಮಾಲೀಕರು ಮಹಡಿಯಿಂದ ಇಳಿದು, ಸದ್ದಾಗದಂತೆ ಬೀದಿ ಬಾಗಿಲಲ್ಲಿ ಇಣುಕಿದರು. ಜೇನು! ಕಣ್ಣುಜ್ಜಿಕೊಂಡು ನೋಡಿದರು. ಜೇನೇ. ಎಳೆ ಎಳೆಯಾಗಿ ಮಿನುಗುತ್ತಿತ್ತು. ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿದರು. ಮೆಟ್ಟಿಲಾದರೂ ನಿಜವಾಗಿ ಇದೆಯೋ ಇಲ್ಲವೋ ಎಂದು ಒಂದೊಂದನ್ನೂ ಕೋಲಿನಿಂದ ತಟ್ಟಿ ನೋಡಿದರು.

ಅದೇ ಹೊತ್ತಿಗೆ ಹಿತ್ತಿಲಲ್ಲಿ ಮಾವ. ಒಳಗೆ ಕಾಲಿಟ್ಟರೆ ಎದುರಿಗೆ ಕಪ್ಪು. ಅಮಾವಾಸ್ಯೆಯಂಥ ಕಪ್ಪು.

“ಬಾಪ್ಪಾ, ಕೂತ್ಕೋ,” ಎಂದಳು ಮಗಳು ತಲೆ ಎತ್ತದೆ.

“ನೀನು... ನೀನು ಹಾಕ್ಕೊಂಡಿರೋದು ಯಾವ ಬಣ್ಣದ ಬಟ್ಟೆ ಮಗಳೇ?”

“ಹಳದಿ. ಯಾಕಪ್ಪಾ?”

“ಏನಿಲ್ಲ. ಹಾಗೇ ಕಾಣ್ತು,” ಎಂದು ಮಾವ ಬಂದ ದಾರಿಯಲ್ಲೇ ತಡವರಿಸುತ್ತ ಹೊರಟುಹೋದರು.

ಇನ್ನು ಅಕ್ಕ. ಬೀರು ತಿರುಗಿದ ಮೇಲೆ, ಗೋಡೆಗೆ ಒತ್ತಿದ್ದ ಬರೀ ಮರದ ತುದಿ ಈಗ ಕಿಟಕಿಗೆ ಬಂದಿತ್ತು. ಅವಳು ಕಿಟಕಿ ತೆಗೆದಳು, ಬಾಯಿಯನ್ನೂ ತೆಗೆದಳು. “ಅಯ್ಯಯ್ಯೋ! ಬಣ್ಣ ಹಾರಿಹೋಗಿದೆ! ಬೂದು ಅಂತ ಬೂದಿ ಕೊಟ್ಟಿದ್ದಾನೆ ಆ ಅಂಗಡಿಯವನು! ಗಾಳಿಗೆ ಎದ್ದುಹೋಗಿದೆ! ನನ್ನ ತಮ್ಮ ಪಾಪದ ಪ್ರಾಣಿ ಅಂತ ಹೀಗೆ ಮೋಸ ಮಾಡೋದಾ?” ಎಂದು ಚಪ್ಪಲಿ ಮೆಟ್ಟಿ ಅಂಗಡಿಯ ಕಡೆ ಹೊರಟೇಬಿಟ್ಟಳು. ಅಂದು ಅಂಗಡಿ ಮುಚ್ಚಿತ್ತು. ಮಾರನೆಯ ದಿನ ಮತ್ತೆ ಬರುವೆನೆಂದು ಶಟರಿಗೇ ಎಚ್ಚರಿಕೆ ಕೊಟ್ಟು ಬಂದಳು.

ಸಂಜೆ ಮನೆಗೆ ಬಂದ ಆಗಲಪ್ಪ ಹೊಸ್ತಿಲಲ್ಲೇ ಕಲ್ಲಾದ.

“ಇದೇನೇ ಇದು?”

“ತಿರುಗಿಸಿದೆ. ಎಷ್ಟು ಸಲ ಹೇಳೋಕೆ ಬಂದೆ, ನೀವು ಕಿವಿ ಕೊಟ್ರಾ? ಬಟ್ಟೆ ನಂದು, ಬಾಗಿಲು ಬೀದಿಗೆ. ಇದ್ಯಾವ ನ್ಯಾಯ?”

ಅಷ್ಟರಲ್ಲಿ ಮಹಡಿಯಿಂದ ಆಗಲಪ್ಪನಿಗೆ ಕರೆ ಬಂತು. ಮನೆ ಬಿಡಿಸಿಯೇಬಿಟ್ಟರು ಎಂದುಕೊಂಡು, ಮನಸ್ಸಿನಲ್ಲೇ ಪಾತ್ರೆಪಗಡ ಕಟ್ಟುತ್ತ ಮೇಲೆ ಹೋದ. ಮಾಲೀಕರು ದೀಪ ಹಾಕದೆ ಕೂತಿದ್ದರು.

“ನನ್ನ ಕಣ್ಣು ಹೋಯ್ತು ಕಣ್ರೀ,” ಎಂದರು ಕುಗ್ಗಿದ ದನಿಯಲ್ಲಿ. “ಜೇನು ಬಣ್ಣದ ಬೀರು ನನಗೆ ಇಷ್ಟು ದಿನ ಕಪ್ಪಗೆ ಕಾಣ್ತಿತ್ತು. ಎಷ್ಟು ಮಕ್ಕಳ ಉತ್ತರಪತ್ರಿಕೆ ತಿದ್ದಿದ ಕಣ್ಣು! ಏನೇನು ತಪ್ಪು ಹಾಕಿದ್ದೀನೋ! ನಾಳೆ ಬೆಳಿಗ್ಗೆ ಕನ್ನಡಕದ ಅಂಗಡಿಗೆ ನನ್ನ ಜೊತೆ ಬರ್ತೀರಾ? ಯಾರಿಗೂ ಹೇಳಬೇಡಿ.”

ನಿಜ ಹೇಳಿಬಿಡಬೇಕೆಂದು ಆಗಲಪ್ಪನ ನಾಲಗೆ ಹಲ್ಲಿನವರೆಗೆ ಬಂತು. ಅಲ್ಲಿಂದ “ಆಗಲಿ ಸಾರ್” ಎಂಬ ಆಕಾರದಲ್ಲಿ ಹೊರಬಿತ್ತು.

ಕೆಳಗಿಳಿದರೆ ಹಿತ್ತಿಲ ಕತ್ತಲಲ್ಲಿ ಮಾವ. “ಅಳಿಯಂದ್ರೇ, ಮಗಳಿಗೆ ಗೊತ್ತಾಗೋದು ಬೇಡ. ನನ್ನ ಕಣ್ಣು ಕೈಕೊಟ್ಟಿದೆ. ಆ ಹೆಡ್‌ಮಾಸ್ತರು ಹೇಳಿದ್ದೇ ಸರಿ, ಬೀರು ಕಪ್ಪಗೇ ಇದೆ. ನಾಳೆ ಬೆಳಿಗ್ಗೆ ಕನ್ನಡಕದ ಅಂಗಡಿಗೆ...”

“ಆಗಲಿ ಮಾವ.”

ಹೀಗಾಗಿ ಮರುದಿನ ಬೆಳಿಗ್ಗೆ ಕನ್ನಡಕದ ಅಂಗಡಿಯ ಬೆಂಚಿನ ಮೇಲೆ, ಎಡಕ್ಕೆ ಮಾಲೀಕರು, ಬಲಕ್ಕೆ ಮಾವ, ನಡುವೆ ಆಗಲಪ್ಪ. ಮೊದಲು ಇಬ್ಬರೂ ಒಬ್ಬರನ್ನೊಬ್ಬರು ನೋಡದ ಹಾಗೆ ನಟಿಸಿದರು. ಕಣ್ಣು ಕಾಣದವರಿಗೆ ಅದೇನೂ ಕಷ್ಟವಲ್ಲ. ಆಮೇಲೆ ಮಾಲೀಕರು ಗಂಟಲು ಸರಿಮಾಡಿಕೊಂಡರು.

“ಒಪ್ಪಂದ ಅಂದ್ರೆ ಒಪ್ಪಂದ. ನೀವು ಹೇಳಿದ್ದೇ ಸರಿ. ಬೀರು ಜೇನು ಬಣ್ಣ. ತಪ್ಪಾಯ್ತು.”

ಮಾವನ ಮುಖ ಸೋತುಹೋಯಿತು. “ಅಯ್ಯೋ, ಹಂಗಿಸಬೇಡಿ ಸ್ವಾಮಿ. ನೀವು ಹೇಳಿದ್ದು ಸರಿ. ಅದು ಕಪ್ಪು. ನಾನೇ ನೋಡಿ ಬಂದೆ.”

“ಹಂಗಿಸೋದು ಎಲ್ಲಿ ಬಂತು? ಜೇನು ಅಂತ ಒಪ್ಕೋತಾ ಇದ್ದೀನಲ್ಲ!”

“ನಾನು ಕಪ್ಪು ಅಂತ ಒಪ್ಕೋತಾ ಇದ್ದೀನಲ್ಲ!”

“ಜೇನು ಕಣ್ರೀ!”

“ಕಪ್ಪು ಅಂದ್ನಲ್ಲ!”

ನಿನ್ನೆ ಕಪ್ಪಿಗಾಗಿ ಹೋರಾಡಿದವರು ಇಂದು ಜೇನಿಗಾಗಿ, ನಿನ್ನೆ ಜೇನಿಗಾಗಿ ಹೋರಾಡಿದವರು ಇಂದು ಕಪ್ಪಿಗಾಗಿ ಕೋಲೆತ್ತಿದರು. ನಡುವೆ ಕೂತ ಆಗಲಪ್ಪ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಲೆಯಾಡಿಸುತ್ತಿದ್ದ. ಕನ್ನಡಕದವರು ಓಡಿಬಂದು ಇಬ್ಬರನ್ನೂ ಬೇರೆಬೇರೆ ಕುರ್ಚಿಯಲ್ಲಿ ಕೂರಿಸಿದರು. ದೀಪ ಹಾಕಿ ನೋಡಿದರು, ಅಕ್ಷರ ಓದಿಸಿದರು, ಬಣ್ಣದ ಚುಕ್ಕೆಗಳ ಪುಸ್ತಕ ತೋರಿಸಿದರು. ಇಬ್ಬರೂ ಕೊನೆಯ ಸಾಲಿನ ಸಣ್ಣ ಅಕ್ಷರದವರೆಗೆ ಗಡಗಡ ಓದಿದರು. ಮಾಲೀಕರು ಅದರಲ್ಲಿ ಮುದ್ರಣದೋಷವನ್ನೂ ಹಿಡಿದರು.

“ನಿಮ್ಮಿಬ್ಬರ ಕಣ್ಣೂ ನನ್ನ ಕಣ್ಣಿಗಿಂತ ಚೆನ್ನಾಗಿದೆ,” ಎಂದರು ಕನ್ನಡಕದವರು ಬೇಸರದಿಂದ. “ಹಾಗಾದ್ರೆ ಕಾಯಿಲೆ ಇರೋದು ಬೀರುವಿಗೆ. ನಡೀರಿ, ನಾನೇ ನೋಡ್ತೀನಿ.” ಅಂಗಡಿಗೆ ಬೀಗ ಹಾಕಿ ಹೊರಟೇಬಿಟ್ಟರು.

ಆಗಲಪ್ಪನಿಗೆ ಡಿಪೋದ ನೆನಪಾಯಿತು. “ನಾನು ಸ್ವಲ್ಪ ಆಫೀಸಿಗೆ...” ಎಂದ. ಎರಡು ಕೋಲುಗಳು ಎರಡು ಕಡೆಯಿಂದ ಅವನ ದಾರಿಗೆ ಅಡ್ಡ ಬಂದವು.

ಮನೆಯ ಮುಂದೆ ಇನ್ನೊಂದು ಮೆರವಣಿಗೆ ಎದುರಾಯಿತು. ಅಕ್ಕ ಮುಂದೆ, ಅವಳ ಹಿಂದೆ, ಕೈಯಲ್ಲಿ ಬೂದು ಬಣ್ಣದ ಡಬ್ಬಿ ಹಿಡಿದು, ಪ್ರಮಾಣ ಮಾಡುತ್ತ ಬಣ್ಣದ ಅಂಗಡಿಯವನು. “ಅಮ್ಮಾ, ನಮ್ಮ ಸ್ಟೇನು ಮರದೊಳಗೆ ಇಳಿಯುತ್ತೆ. ಹಾರಿಹೋಗೋಕೆ ಅದೇನು ಹಕ್ಕಿನಾ?”

“ಬಾ, ನೀನೇ ನೋಡು! ಕಿಟಕಿಯಿಂದ ತೋರಿಸ್ತೀನಿ!”

“ಕಿಟಕಿ ಯಾಕಮ್ಮಾ, ಒಳಗೇ ಹೋಗಿ ನೋಡೋಣ.”

ಅಕ್ಕ ಹೊಸ್ತಿಲ ಬಳಿ ಒಂದು ಗಳಿಗೆ ತಡೆದಳು. ಶಪಥ ದೊಡ್ಡದೋ ಕುತೂಹಲ ದೊಡ್ಡದೋ ಎಂಬ ಪ್ರಶ್ನೆ ಅಲ್ಲಿಯೇ ತೀರ್ಮಾನವಾಯಿತು. ಎಲ್ಲರಿಗಿಂತ ಮೊದಲು ಒಳಗೆ ಹೋದವಳು ಅವಳೇ.

ಮೊದಲ ಬಾರಿಗೆ ಎಲ್ಲರೂ ಒಂದೇ ಕಡೆ ನಿಂತರು. ಎದುರಿಗೆ ಜೇನು. “ನೋಡಿದ್ರಾ ಜೇನು!” ಎಂದರು ಮಾಲೀಕರು. ಮಾವ ಬಾಯಿ ಬಿಟ್ಟುಕೊಂಡು ಕಿಟಕಿಯ ಸಂದಿಯಲ್ಲಿ ನುಸುಳಿ ಆ ಕಡೆ ಹೋದರು. “ಇಲ್ಲಿ ಬನ್ನಿ, ಇಲ್ಲಿ ಕಪ್ಪು!” ಎಂದು ಕೂಗಿದರು. ಎಲ್ಲರೂ ಆ ಕಡೆ ನುಗ್ಗಿದರು. ಆಮೇಲೆ ಈ ಕಡೆ. ಮತ್ತೆ ಆ ಕಡೆ. ಅಂಗಡಿಯವನು ಗೋಡೆಯ ಸಂದಿಯಲ್ಲಿ ಒಂದು ಕಣ್ಣಿಟ್ಟು, “ಸಿಕ್ತು ಸಿಕ್ತು! ಬೂದು ಇಲ್ಲೇ ಇದೆ! ನನ್ನ ಮಾಲಿಗೆ ಕಳಂಕ ಇಲ್ಲ!” ಎಂದು ಕುಣಿದ.

ಹೊಲಿಗೆ ಯಂತ್ರ ನಿಂತಿತು. ಹೆಂಡತಿ ಕತ್ತಿಗೆ ಅಳತೆಪಟ್ಟಿ ಹಾಕಿಕೊಂಡೇ ಎದ್ದುಬಂದು ಹೇಳಿದಳು: “ಅದರಲ್ಲೇನೂ ಜಾದೂ ಇಲ್ಲ. ನಮ್ಮನೆಯವರು ಮೂರು ಜನಕ್ಕೆ ಮೂರು ಬಣ್ಣ ಹಚ್ಚಿದ್ರು. ನಾನು ನಿನ್ನೆ ಬೀರು ತಿರುಗಿಸಿದೆ.”

ಎಲ್ಲರ ಕಣ್ಣೂ, ಈಗಷ್ಟೇ ಪರೀಕ್ಷೆಯಾಗಿ ಉತ್ತೀರ್ಣವಾದ ಕಣ್ಣುಗಳೂ ಸೇರಿ, ಆಗಲಪ್ಪನ ಮೇಲೆ ಬಿದ್ದವು. ಅವನು ಗೋಡೆಗೆ ಒತ್ತಿಕೊಂಡ. ಗೋಡೆ ಅವನನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ.

“ನಾನು... ಎಲ್ಲರ ಮಾತೂ ಉಳಿಸೋಣ ಅಂತ...”

ಮೋಸ, ಸುಳ್ಳು, ವಂಚನೆ ಎಂದು ಬೈಯುತ್ತಾರೆಂದು ಅವನು ಕಾದ. ಆದರೆ ಮನುಷ್ಯರ ಸಂಕಟ ಬೇರೆಯೇ ಜಾಗದಲ್ಲಿರುತ್ತದೆ.

“ಅಂದ್ರೆ ಈಗ ನನ್ನ ಬೀಟೆ ಹಿಂದಕ್ಕೆ ಹೋಯ್ತಾ?” ಎಂದರು ಮಾಲೀಕರು. “ಮನೆ ಯಜಮಾನನ ಬಣ್ಣ ಹಿತ್ತಿಲಿಗೆ! ತಿರುಗಿಸ್ರೀ ಮೊದಲು!”

“ತಿರುಗಿಸೋದು ಬೇಡ,” ಎಂದರು ಮಾವ, ಒಮ್ಮೆಲೇ ಗೆಲುವಾಗಿ. “ನನ್ನ ಹಲಗೆ ಈಗ ಬೀದಿಗೆ ಕಾಣುತ್ತೆ. ಇದೇ ಸರಿ.”

“ನನ್ನ ಬಣ್ಣ ಗೋಡೆಗೆ ಮೂತಿ ತಿರುಗಿಸಿ ನಿಂತಿದೆಯಲ್ಲೋ!” ಎಂದಳು ಅಕ್ಕ. “ನಿನ್ನ ಎತ್ತಿ ಆಡಿಸಿದ್ದು ಇದಕ್ಕೇನಾ? ಈ ತುದಿಗೂ ಬೂದು ಹಚ್ಚು!”

“ಮುಂದಕ್ಕೆ ಕಪ್ಪು!”

“ಜೇನು ಅಲ್ಲಾಡಬಾರದು!”

“ಬೂದು ಹಚ್ಚೋ!”

“ಆಗಲಿ ಸಾರ್, ಆಗಲಿ ಮಾವ, ಆಗಲಿ ಅಕ್ಕಾ,” ಎಂದ ಆಗಲಪ್ಪ ಒಂದೇ ಉಸಿರಿನಲ್ಲಿ.

“ಏನೂ ಆಗಲ್ಲ!” ಎಂದಳು ಹೆಂಡತಿ.

ಕೈಯಲ್ಲಿ ದೊಡ್ಡ ಕತ್ತರಿ ಇತ್ತು. ಅದನ್ನು ಅವಳು ಯಾರ ಕಡೆಗೂ ತೋರಿಸಲಿಲ್ಲ, ಆದರೂ ಎಲ್ಲರಿಗೂ ಅದು ಕಂಡಿತು.

“ಈ ಬೀರು ನನ್ನದು. ಬಾಗಿಲು ನನ್ನ ಕಡೆ ಇರುತ್ತೆ. ಒಬ್ಬರಾದ್ರೂ ನನ್ನನ್ನ ಕೇಳಿದ್ರಾ, ನಿನಗೆ ಯಾವ ಬಣ್ಣ ಬೇಕು ಅಂತ? ಹೋಗ್ಲಿ, ಬಟ್ಟೆ ಎಲ್ಲಿಡ್ತೀಯ ಅಂತ? ಶಾಲೆ ಶುರುವಾಗ್ತಾ ಇದೆ, ಅಲ್ಲಿ ಅಂಗಿಗಳು ಗುಂಡಿ ಇಲ್ಲದೆ ಬಿದ್ದಿವೆ. ಮಕ್ಕಳು ಎದೆ ಬಿಟ್ಕೊಂಡು ಪಾಠಕ್ಕೆ ಕೂರ್ತಾವೆ. ನೀವು ಇಲ್ಲಿ ಬೀರುವಿನ ಸುತ್ತ ಓಡಾಡ್ತಾ ಇದ್ದೀರಿ.”

ಅವಳು ಕನ್ನಡಕದವರ ಕಡೆ ತಿರುಗಿದಳು. “ಇವರಿಬ್ಬರ ಕಣ್ಣು ಹೇಗಿದೆ?”

“ಸೊಗಸಾಗಿದೆಯಮ್ಮಾ. ಇಬ್ಬರದೂ.”

“ಹಾಗಾದ್ರೆ ಕೂತ್ಕೊಳ್ಳಿ. ಸೂಜಿಗೆ ದಾರ ಹಾಕಿ.”

ಮಾಲೀಕರು ಏನೋ ಹೇಳಲು ಬಾಯಿ ತೆರೆದರು. ಅದೇ ಬಾಯಿಂದ ದಾರದ ತುದಿಯನ್ನು ಒದ್ದೆ ಮಾಡಿದರು. ಹಾಲಿನ ಮುಂಭಾಗ ದಾಟದ ಆ ಮನುಷ್ಯ ಯಂತ್ರದ ಪಕ್ಕದಲ್ಲೇ ಕೂತು ಒಂದೇ ಏಟಿಗೆ ಸೂಜಿ ಪೋಣಿಸಿ, ಮಾವನ ಕಡೆ ಗೆಲುವಿನಿಂದ ನೋಡಿದರು. ಮಾವ ಎರಡು ಸೂಜಿ ಪೋಣಿಸಿ ತೋರಿಸಿದರು. ಅಕ್ಕ, “ಇವರ ಕೈಲಿ ಗುಂಡಿ ನಿಲ್ಲುತ್ತಾ? ಸರೀರಿ ಆ ಕಡೆ,” ಎಂದು ಒಂದು ರಾಶಿಯನ್ನೇ ಮಡಿಲಿಗೆ ಎಳೆದುಕೊಂಡಳು. ಸ್ವಲ್ಪ ಹೊತ್ತಿನಲ್ಲಿ ತಮ್ಮನ ಹೆಂಡತಿಯ ದಾರದ ಗಂಟನ್ನು ಬೈಯುವ ನೆಪದಲ್ಲಿ ಅವಳ ಹೊಲಿಗೆಯನ್ನು ಹೊಗಳಿಯೂ ಬಿಟ್ಟಳು. ಕನ್ನಡಕದವರು ಗುಂಡಿಗಳನ್ನು ಅಳತೆಯ ಪ್ರಕಾರ ಬೇರೆ ಮಾಡಿದರು. ಅಂಗಡಿಯವನು ಅಂಗಿಗಳನ್ನು ಮಡಚಿದ. ಆಗಲಪ್ಪನಿಗೆ ಕಾಫಿ ತರುವ ಕೆಲಸ ಬಂತು. ಆ ಕೆಲಸದಲ್ಲಿ ಮಾತ್ರ ಅವನಿಗೆ ಸಮಿತಿಯ ಅನುಭವವಿತ್ತು.

ಅಂಗಿಗಳು ಸಮಯಕ್ಕೆ ಶಾಲೆ ಸೇರಿದವು. ಮಕ್ಕಳ ಎದೆಯ ಮೇಲೆ ಗುಂಡಿಗಳು ಭದ್ರವಾಗಿ ಕೂತದ್ದನ್ನು ನೋಡಿ ಇನ್ನೊಂದು ಶಾಲೆಯವರೂ ಹುಡುಕಿಕೊಂಡು ಬಂದರು. ಹೆಂಡತಿ ಬೀರುವಿನ ಬೀದಿ ಕಡೆಯ ಜೇನಿಗೆ ಅಡ್ಡ ಕೋಲು ಹೊಡೆಸಿ ಹೊಲಿದ ಬಟ್ಟೆ ತೂಗುಹಾಕಿದಳು. ಕಿಟಕಿಯ ತುದಿಗೆ ಅಳತೆಗಳ ಚೀಟಿ ಅಂಟಿಸಿದಳು. ಕಪ್ಪು ಬಾಗಿಲುಗಳು ಹಗಲೆಲ್ಲ ತೆರೆದೇ ಇರುತ್ತಿದ್ದವು. ಯಾವ ಬಣ್ಣವೂ ಯಾರಿಗೂ ಕಾಣದಾಯಿತು. ಮಾಲೀಕರೂ ಮಾವನೂ ದಿನವೂ ಗುಂಡಿ ಹೊಲಿಯುವ ನೆಪದಲ್ಲಿ ಬಂದು ಕೂತು, ಗುಂಡಿಗೆ ಎರಡು ತೂತು ಮೇಲೋ ನಾಲ್ಕು ತೂತು ಮೇಲೋ ಎಂದು ವಾದ ಮಾಡುತ್ತಿದ್ದರು.

ಬಟ್ಟೆ ಹೆಚ್ಚಿದ ಮೇಲೆ ಒಂದು ಬೀರು ಸಾಲದಾಯಿತು. ಒಂದು ಭಾನುವಾರ ಮೇಸ್ತ್ರಿ ಅಳತೆಪಟ್ಟಿ ಹಿಡಿದು ಬಂದ. ಗುಂಡಿ ಹೊಲಿಯುತ್ತಿದ್ದ ಇಬ್ಬರೂ ಸೂಜಿ ನಿಲ್ಲಿಸಿ ತಲೆ ಎತ್ತಿದರು. ಓಣಿಯಾಚೆ ಕಿಟಕಿ ತೆರೆದ ಸದ್ದಾಯಿತು. ಮೇಸ್ತ್ರಿ, “ಹೊಸದಕ್ಕೆ ಬಣ್ಣ...” ಎಂದು ಬಾಯಿ ತೆರೆದ.

ಆಗಲಪ್ಪ ಬಾಣದ ಹಾಗೆ ಎದ್ದ. ಮಾಲೀಕರ ಕಡೆ ನೋಡಲಿಲ್ಲ, ಮಾವನ ಕಡೆ ನೋಡಲಿಲ್ಲ, ಕಿಟಕಿಗಂತೂ ಬೆನ್ನು ಮಾಡಿದ. ನೇರವಾಗಿ ಯಂತ್ರದ ಬಳಿ ಹೋಗಿ, ಮದುವೆಯಾದ ಮೇಲೆ ಮೊದಲ ಸಲ, ಅವಳ ಮಾತು ಮುಗಿಯುವವರೆಗೂ ಬಾಯಿ ಮುಚ್ಚಿಕೊಂಡಿರುವುದೆಂದು ನಿಶ್ಚಯಿಸಿ ಕೇಳಿದ:

“ನಿನಗೆ ಯಾವ ಬಣ್ಣ ಬೇಕು?”

ಅವಳು ಹಲ್ಲಿನಿಂದ ದಾರ ಕಡಿದು, ಅಂಗಿ ಕೊಡವಿ ಮಡಚಿ, ಎಲ್ಲರ ಮುಖವನ್ನೂ ಒಮ್ಮೆ ನೋಡಿದಳು.

“ಈ ಸಲ ಕಬ್ಬಿಣದ್ದೇ ತಂದುಬಿಡೋಣ,” ಎಂದಳು.